ಕಿಕ್ಯಾಡ್ ಇಆರ್‌ಸಿ: ಕೆಲವು ವರ್ಷ ಬಳಸಿದ ಮೇಲೆ ಅನ್ನಿಸಿದ್ದು

ಐದನೇ ಆವೃತ್ತಿಯ ಕಾಲದಿಂದ ನನ್ನ ಸ್ಕೀಮ್ಯಾಟಿಕ್‌ಗಳೆಲ್ಲ (ಸರ್ಕ್ಯೂಟ್ ನಕ್ಷೆಗಳು) ಕಿಕ್ಯಾಡ್ ಅನ್ನುವ ಸರ್ಕ್ಯೂಟ್ ವಿನ್ಯಾಸದ ಸಾಫ್ಟ್‌ವೇರ್‌ನಲ್ಲೇ. ಅದರ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಎಡಿಟರ್ ಬಗ್ಗೆ, ತ್ರೀಡಿ ನೋಟದ ಬಗ್ಗೆ ಹೊಗಳಿ ಬರೆದವರು ಬೇಕಾದಷ್ಟು ಜನ. ಸ್ಕೀಮ್ಯಾಟಿಕ್‌ನಲ್ಲಿ ತಪ್ಪು ಹುಡುಕುವ ಇಆರ್‌ಸಿ ಬಗ್ಗೆ ಮಾತ್ರ ಎಲ್ಲರದ್ದೂ ಒಂದೇ ಪ್ರಶ್ನೆ: ಈ ಎರರ್ ಹೋಗಬೇಕಾದರೆ ಏನು ಮಾಡಬೇಕು? ಅದಕ್ಕೇ ಇಲ್ಲಿ ಬರೀ ಇಆರ್‌ಸಿ ವಿಷಯ.

ಹೆಸರು ಎಲೆಕ್ಟ್ರಿಕಲ್ ರೂಲ್ಸ್ ಚೆಕ್ ಅಂತಿದ್ದರೂ ಅದಕ್ಕೆ ವೋಲ್ಟೇಜ್, ಕರೆಂಟ್ ಯಾವುದೂ ಗೊತ್ತಿಲ್ಲ. ಅದು ನೋಡುವುದು ಮುಖ್ಯವಾಗಿ ಪಿನ್‌ಗಳ, ಅಂದರೆ ಬಿಡಿಭಾಗಕ್ಕೆ ವೈರ್ ಸೇರುವ ಕಾಲುಗಳ ಟೈಪ್. ಇನ್‌ಪುಟ್, ಔಟ್‌ಪುಟ್, ಪ್ಯಾಸಿವ್, ಟ್ರೈ-ಸ್ಟೇಟ್, ಓಪನ್ ಕಲೆಕ್ಟರ್, ಪವರ್ ಇನ್‌ಪುಟ್, ಪವರ್ ಔಟ್‌ಪುಟ್ ಹೀಗೆ ಒಟ್ಟು 12 ಟೈಪ್‌ಗಳಿವೆ. ಯಾವುದು ಯಾವುದಕ್ಕೆ ಸೇರಿದರೆ ಸರಿ, ಎಲ್ಲಿ ವಾರ್ನಿಂಗ್, ಎಲ್ಲಿ ಎರರ್ ಅಂತ ಒಂದು ಕೋಷ್ಟಕ ಇದೆ. ಅದರ ಒಂದೊಂದು ಚೌಕವನ್ನೂ ಕ್ಲಿಕ್ ಮಾಡಿ ಬದಲಾಯಿಸಬಹುದು. ಬದಲಾಯಿಸಬೇಡಿ ಅನ್ನುವುದು ನನ್ನ ಸಲಹೆ. ಯಾಕೆ ಅಂತ ಹೇಳುತ್ತೇನೆ.

ಕಿಕ್ಯಾಡ್ ಹಿಡಿದ ಪ್ರತಿಯೊಬ್ಬರೂ ಮೊದಲ ವಾರದಲ್ಲೇ ನೋಡುವ ಎರರ್ ಒಂದಿದೆ: ಪವರ್ ಇನ್‌ಪುಟ್ ಪಿನ್‌ಗೆ ಯಾವ ಪವರ್ ಔಟ್‌ಪುಟ್ ಪಿನ್ನೂ ಸಪ್ಲೈ ಕೊಡುತ್ತಿಲ್ಲ ಅಂತ. ಬ್ಯಾಟರಿ ಕನೆಕ್ಟರ್ ಹಾಕಿ, ಅಲ್ಲಿಂದ ವೋಲ್ಟೇಜ್ ರೆಗ್ಯುಲೇಟರ್‌ನ ವಿನ್ (ಇನ್‌ಪುಟ್) ಪಿನ್‌ಗೆ ವೈರ್ ಎಳೆದಿರುತ್ತೀರಿ. ಕಣ್ಣಿಗೆ ಎಲ್ಲ ಸರಿ ಇದೆ. ಆದರೆ ಕನೆಕ್ಟರ್‌ನ ಪಿನ್ ಟೈಪ್ ಪ್ಯಾಸಿವ್. ಅದರೊಳಗಿಂದ ಪವರ್ ಬರುತ್ತದೋ, ಸಿಗ್ನಲ್ ಬರುತ್ತದೋ ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಪಿಡಬ್ಲ್ಯೂಆರ್-ಫ್ಲ್ಯಾಗ್ ಅನ್ನುವ ಪುಟ್ಟ ಸಿಂಬಲ್ ಇದೆ. ಅದರಲ್ಲಿರುವುದು ಒಂದೇ ಒಂದು ಪವರ್ ಔಟ್‌ಪುಟ್ ಪಿನ್. ಅದನ್ನು ನೆಟ್‌ಗೆ (ಒಂದಕ್ಕೊಂದು ಸೇರಿದ ವೈರ್, ಪಿನ್‌ಗಳ ಗುಂಪಿಗೆ) ಸಿಕ್ಕಿಸಿದರೆ 'ಇಲ್ಲಿಗೆ ಪವರ್ ಹೊರಗಿಂದ ಬರುತ್ತದೆ' ಅಂತ ಹೇಳಿದ ಹಾಗೆ. ಗ್ರೌಂಡ್‌ಗೂ ಒಂದು ಬೇಕಾಗುತ್ತದೆ, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ನಡುವೆ ಒಂದು ಫ್ಯೂಸ್ ಬರುತ್ತದೆ, ಇಲ್ಲವೇ ನಾಯ್ಸ್ ತಡೆಯುವ ಒಂದು ಫೆರೈಟ್ ಬೀಡ್. ಅದರ ಆಚೆ ಕಡೆಯದು ಬೇರೆ ನೆಟ್. ಅಲ್ಲಿ ಮತ್ತೆ ಅದೇ ಎರರ್, ಮತ್ತೊಂದು ಫ್ಲ್ಯಾಗ್. ಸರಿ ಅಂತ ಕಂಡಲ್ಲೆಲ್ಲ ಫ್ಲ್ಯಾಗ್ ಹಾಕುತ್ತಾ ಹೋದರೆ ರೆಗ್ಯುಲೇಟರ್‌ನ ಔಟ್‌ಪುಟ್‌ನಲ್ಲಿ ಇನ್ನೊಂದು ಎರರ್ ಬರುತ್ತದೆ. ಅಲ್ಲಿ ಆಗಲೇ ಒಂದು ಪವರ್ ಔಟ್‌ಪುಟ್ ಪಿನ್ ಇದೆ, ಎರಡು ಸೇರಿದರೆ ಜಗಳ. ಬೇಸತ್ತು ಈ ಎರರನ್ನೇ 'ಇಗ್ನೋರ್' ಮಾಡಿಬಿಟ್ಟವರನ್ನು ನೋಡಿದ್ದೇನೆ. ಆಮೇಲೆ ಯಾವತ್ತೋ ಒಂದು ಐಸಿಯ (ಚಿಪ್) ವಿಸಿಸಿ ಅನ್ನುವ ಪವರ್ ಪಿನ್ ನಿಜವಾಗಿಯೂ ಸಪ್ಲೈ ಇಲ್ಲದ ನೆಟ್‌ನಲ್ಲಿ ಉಳಿದರೆ ಇಆರ್‌ಸಿ ತುಟಿ ಬಿಚ್ಚುವುದಿಲ್ಲ. ಬಾಯಿ ಮುಚ್ಚಿಸಿದ್ದು ನೀವೇ ಅಲ್ವಾ.

ಇದರಿಂದ ಸಿಂಬಲ್ (ಸ್ಕೀಮ್ಯಾಟಿಕ್‌ನಲ್ಲಿ ಬಿಡಿಭಾಗವನ್ನು ತೋರಿಸುವ ಚಿತ್ರ) ವಿಷಯಕ್ಕೆ ಬರುತ್ತೇನೆ, ನನ್ನ ಪ್ರಕಾರ ಅಸಲಿ ವಿಷಯ ಅದೇ. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಎಷ್ಟೋ ಸಿಂಬಲ್‌ಗಳಲ್ಲಿ ಎಲ್ಲ ಪಿನ್‌ಗಳೂ ಪ್ಯಾಸಿವ್ ಆಗಿರುತ್ತವೆ. ಅಂಥ ಸಿಂಬಲ್ ಹಾಕಿದರೆ ಇಆರ್‌ಸಿ ಸೊನ್ನೆ ಎರರ್ ತೋರಿಸುತ್ತದೆ, ಆ ಸೊನ್ನೆಗೆ ಬೆಲೆ ಇಲ್ಲ. 'ಅನ್‌ಸ್ಪೆಸಿಫೈಡ್' ಅಂತಿದ್ದರೆ ಇದಕ್ಕೆ ತದ್ವಿರುದ್ಧ, ಮುಟ್ಟಿದ್ದಕ್ಕೆಲ್ಲ ವಾರ್ನಿಂಗ್. ಹಾಗಾಗಿ ಹೊಸ ಸಿಂಬಲ್ ಬಂದ ತಕ್ಷಣ ಡೇಟಾಶೀಟ್ ಪಕ್ಕಕ್ಕಿಟ್ಟುಕೊಂಡು ಪಿನ್ ಟೇಬಲ್ ತೆರೆದು ಟೈಪ್‌ಗಳನ್ನು ಸರಿ ಮಾಡಿಬಿಡುತ್ತೇನೆ. ಎಸ್‌ಒಟಿ-223 ಪ್ಯಾಕೇಜ್‌ನ ರೆಗ್ಯುಲೇಟರ್‌ನಲ್ಲಿ ಎಷ್ಟೋ ಸಲ ಔಟ್‌ಪುಟ್ ಎರಡು ಕಡೆ ಸಿಗುತ್ತದೆ, ಒಂದು ಕಾಲಿನಲ್ಲಿ, ಇನ್ನೊಂದು ಟ್ಯಾಬ್‌ನಲ್ಲಿ. ಎರಡಕ್ಕೂ ಪಿನ್ ಇಟ್ಟಿದ್ದರೆ ಒಂದನ್ನು ಪವರ್ ಔಟ್‌ಪುಟ್ ಮಾಡಿ, ಇನ್ನೊಂದನ್ನು ಪ್ಯಾಸಿವ್ ಮಾಡಿದರೆ ಸಾಕು, ಜಗಳವೇ ಇಲ್ಲ.

ಲೇಬಲ್, ಅಂದರೆ ನೆಟ್‌ಗೆ ಕೊಟ್ಟ ಹೆಸರಿನ ತಪ್ಪು ಹಿಡಿಯುವುದರಲ್ಲಂತೂ ಇಆರ್‌ಸಿ ಎತ್ತಿದ ಕೈ. ಒಂದು ಕಡೆ ಎಲ್ಲ ದೊಡ್ಡಕ್ಷರ, ಇನ್ನೊಂದು ಕಡೆ ಒಂದೆರಡು ಚಿಕ್ಕಕ್ಷರ ಇದ್ದರೆ ಕಿಕ್ಯಾಡ್‌ಗೆ ಅವು ಎರಡು ಬೇರೆ ನೆಟ್‌ಗಳು. ಕಣ್ಣಿಗೆ ಬೀಳದ ಈ ವ್ಯತ್ಯಾಸಕ್ಕೆ ಇಆರ್‌ಸಿ ಎಚ್ಚರಿಸುತ್ತದೆ. ಗ್ರಿಡ್‌ನಿಂದ ಕೂದಲೆಳೆ ಆಚೆ ಕೂತ ಪಿನ್‌ಗಳನ್ನೂ ಹಾಗೇ ತೋರಿಸುತ್ತದೆ. 50 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಗ್ರಿಡ್ ಬಿಟ್ಟು ಕದಲದಿದ್ದರೆ ಈ ತಲೆನೋವು ಬರುವುದೇ ಇಲ್ಲ. ಬೇಕಂತಲೇ ಖಾಲಿ ಬಿಟ್ಟ ಪಿನ್‌ಗೆ ಕೀಬೋರ್ಡ್‌ನ ಕ್ಯೂ (Q) ಒತ್ತಿ ನೋ-ಕನೆಕ್ಟ್ ಗುರುತು ಹಾಕಿಬಿಡಿ. ಆಮೇಲೆ ಯಾರಾದರೂ ಆ ಸ್ಕೀಮ್ಯಾಟಿಕ್ ತೆರೆದರೆ, ಮರೆತದ್ದು ಯಾವುದು, ಬಿಟ್ಟದ್ದು ಯಾವುದು ಅಂತ ಕೇಳಬೇಕಾಗಿಲ್ಲ.

ಇಆರ್‌ಸಿಗೆ ಕಾಣದ್ದು ಏನೇನು? ಚಿಪ್‌ಗಳು ಮಾತಾಡಿಕೊಳ್ಳುವ ಐ2ಸಿ ಲೈನ್‌ನಲ್ಲಿ ಪುಲ್-ಅಪ್ ರೆಸಿಸ್ಟರ್ ಇಲ್ಲದಿದ್ದರೆ ಸುಮ್ನೆ ಇರುತ್ತದೆ. 5 ವೋಲ್ಟ್‌ನ ಔಟ್‌ಪುಟ್ಟನ್ನು 3.3 ವೋಲ್ಟ್‌ನ ಇನ್‌ಪುಟ್‌ಗೆ ಕೊಟ್ಟರೂ ಅದಕ್ಕೆ ಅದು ಒಂದು ಔಟ್‌ಪುಟ್, ಒಂದು ಇನ್‌ಪುಟ್ ಅಷ್ಟೇ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ತಿರುಗುಮುರುಗಾದರೂ ಗೊತ್ತಾಗುವುದಿಲ್ಲ. ಎರಡು ಮೈಕ್ರೋಕಂಟ್ರೋಲರ್‌ಗಳ ಟಿಎಕ್ಸ್ (ಡೇಟಾ ಕಳಿಸುವ) ಪಿನ್‌ಗಳನ್ನು ಒಂದಕ್ಕೊಂದು ಸೇರಿಸಿದರೂ ಅಷ್ಟೇ, ಯಾಕೆಂದರೆ ಸಿಂಬಲ್‌ನಲ್ಲಿ ಆ ಪಿನ್‌ಗಳು ಸಾಮಾನ್ಯವಾಗಿ ಬೈಡೈರೆಕ್ಷನಲ್ (ಇನ್‌ಪುಟ್ಟೂ ಹೌದು, ಔಟ್‌ಪುಟ್ಟೂ ಹೌದು). ನೆಟ್‌ಗೆ ಇಷ್ಟು ವೋಲ್ಟ್ ಅಂತ ಬರೆದಿಟ್ಟು ಅದನ್ನೂ ಚೆಕ್ ಮಾಡಿಸುವ ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹಳೆಯ ಆವೃತ್ತಿಗೂ ಈಗಿನದಕ್ಕೂ ಎರಡು ವಿಷಯದಲ್ಲಿ ತುಂಬಾ ವ್ಯತ್ಯಾಸ ಆಗಿದೆ. 2021ರ ಕೊನೆಗೆ ಬಂದ ಆರನೇ ಆವೃತ್ತಿಯಿಂದ ಒಂದೊಂದೇ ಎರರನ್ನು ಆರಿಸಿ ಹೊರಗಿಡಬಹುದು, ಇಡೀ ನಿಯಮವನ್ನು ಆಫ್ ಮಾಡಬೇಕಾಗಿಲ್ಲ. 2024ರ ಎಂಟನೇ ಆವೃತ್ತಿಯಲ್ಲಿ ಕಮಾಂಡ್ ಲೈನ್‌ನಿಂದಲೇ ಇಆರ್‌ಸಿ ಓಡಿಸುವ ಸೌಲಭ್ಯ ಬಂತು. ಫೈಲ್‌ಗಳನ್ನು ಗಿಟ್‌ನಲ್ಲಿ (ಬದಲಾವಣೆಗಳ ದಾಖಲೆ ಇಡುವ ಸಾಫ್ಟ್‌ವೇರ್) ಇಡುವವರಿಗೆ ಇದು ಹಬ್ಬ. ಯಾರೇ ಬದಲಾವಣೆ ಕಳಿಸಿದರೂ ಚೆಕ್ ತಾನಾಗಿ ಓಡುವ ಹಾಗೆ, ಎರರ್ ಇದ್ದರೆ ಅಲ್ಲೇ ತಡೆಯುವ ಹಾಗೆ ಮಾಡಿಡಬಹುದು. ಆದರೆ ಮೊದಲೇ ಪಟ್ಟಿಯಲ್ಲಿ ನೂರಾರು ಹಳೆ ವಾರ್ನಿಂಗ್ ಕೂತಿದ್ದರೆ ಈ ಸೌಲಭ್ಯ ಕೆಲಸಕ್ಕೆ ಬರುವುದಿಲ್ಲ. ಒಂದು ದಿನ ಕೂತು ಅವನ್ನೆಲ್ಲ ಬಗೆಹರಿಸಿ, ಆಮೇಲೆ ಶುರು ಮಾಡಿ.