ನಮ್ಮ ಬೀದಿಯ ಅಂಗನವಾಡಿ: ಎಂಟು ತಿಂಗಳ ಅನುಭವ
ದುಬಾರಿ ಪ್ರೀಸ್ಕೂಲುಗಳನ್ನೆಲ್ಲ ನೋಡಿ ಬಂದು, ಕೊನೆಗೆ ಮಗಳನ್ನು ಬೆಂಗಳೂರಿನ ನಮ್ಮ ಬೀದಿಯ ಅಂಗನವಾಡಿಗೇ ಸೇರಿಸಿದೆವು. ಫೀಸ್ ಇಲ್ಲ. ಆದರೆ ನನಗೆ ಹಿಡಿಸಿದ್ದು ಬೇರೆ.

ಅಲ್ಲಿ ಕಲಬುರಗಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ, ಮನೆಯಲ್ಲಿ ಉರ್ದು, ತೆಲುಗು ಮಾತಾಡುವ ಮಕ್ಕಳೂ ಇದ್ದಾರೆ. ಒಬ್ಬನಿಗೆ ಅವ್ವ, ಒಬ್ಬಳಿಗೆ ಅಮ್ಮಿ, ನನ್ನ ಮಗಳಿಗೆ ಅಮ್ಮ. ಟೀಚರ್ ಯಾರನ್ನೂ ತಿದ್ದುವುದಿಲ್ಲ, ಮೂರೂ ಪದ ಸೇರಿಸಿ ಹಾಡು ಹೇಳಿಸುತ್ತಾರೆ. ಮೂರು ವರ್ಷದ ಮಗುವಿಗೆ ನಿನ್ನ ಮಾತು ತಪ್ಪು ಅಂದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ, ಅಲ್ವಾ? ನಾವು ನೋಡಿದ ಒಂದು ಪ್ರೀಸ್ಕೂಲಿನಲ್ಲಿ ಮನೆಯಲ್ಲೂ ಕನ್ನಡ ಬೇಡ ಅಂದಿದ್ದರು! 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿರುವ ಕಡೆ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಲ್ಲೋ ಸ್ಥಳೀಯ ಭಾಷೆಯಲ್ಲೋ ಕಲಿಸಿ ಅನ್ನುತ್ತದೆ.

ಅಂಗನವಾಡಿ ಅಂದರೆ ಸುಮ್ನೆ ಊಟ ಹಾಕುವ ಜಾಗ ಅಲ್ಲ. ಅಂಗನವಾಡಿಗಳನ್ನು ನಡೆಸುವ, 1975ರಲ್ಲಿ ಶುರುವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯಲ್ಲಿ 3ರಿಂದ 6 ವರ್ಷದ ಮಕ್ಕಳ ಕಲಿಕೆಯೂ ಸೇರಿದೆ.

ಕೊರತೆ ಇದೆ. ಕೋಣೆ ಚಿಕ್ಕದು, ಮಳೆ ಬಂದರೆ ಆಟ ನಿಂತುಹೋಗುತ್ತದೆ. ಗೋಡೆಯ ಚಾರ್ಟಿನಲ್ಲಿರುವ ಅಮ್ಮ ಅಡುಗೆ ಮನೆಯಲ್ಲೇ ಇದ್ದಾಳೆ, ಇಟ್ಟಿಗೆ ಹೊರುವ ಅವ್ವ ಎಲ್ಲೂ ಇಲ್ಲ. ಟೀಚರಿಗೆ ಹೇಳಿದೆ. ನೀವೇ ಚಿತ್ರ ಬರೆದು ತನ್ನಿ, ಅಂಟಿಸೋಣ ಅಂದರು. ಈ ಭಾನುವಾರ ಮಗಳ ಜೊತೆ ಕೂತು ಬರೆಯುತ್ತೇನೆ.