ಕಾರು ಬುಕ್ ಮಾಡುವ ಮೊದಲು ಹೆಡ್‌ಲೈಟಿನ ಬೆಲೆ ಕೇಳಿ

ಬೆಳಗಾವಿ ಕಡೆ ಹೊಸ ಕಾರು ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೆಡ್‌ಲೈಟಿಗೆ ನಾನು 46,000 ರೂಪಾಯಿ ಕಟ್ಟಿ ಬಂದಿದ್ದೇನೆ. ಎರಡಕ್ಕಲ್ಲ, ಒಂದಕ್ಕೆ.

ಗಾಡಿ ಎಂಟು ವರ್ಷದ್ದು. ಎಂಜಿನ್ ಗಟ್ಟಿಮುಟ್ಟಾಗಿದೆ, ಎಲ್ಲೂ ತುಕ್ಕಿಲ್ಲ. ಹೋದ ಮಳೆಗಾಲದಲ್ಲಿ ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬರುವಾಗ ಬಲಗಡೆಯ ಎಲ್‌ಇಡಿ ದೀಪ ಮಿಣುಕಿ ಮಿಣುಕಿ ಆರಿಹೋಯಿತು. ಮುಂದೆ ಮಂಜು, ಪಕ್ಕದಲ್ಲಿ ಕಮರಿ, ಹಿಂದಿನ ಸೀಟಿನಲ್ಲಿ ಅವ್ವ. ಕಣಕುಂಬಿ ದಾಟುವವರೆಗೆ ಜೀವ ಅಂಗೈಯಲ್ಲಿತ್ತು.

ಸರ್ವಿಸ್ ಸೆಂಟರಿನವರು ನೋಡಿ, ಒಳಗೆ ನೀರಿಳಿದು ದೀಪದ ಸರ್ಕ್ಯೂಟ್ ಬೋರ್ಡ್ ಸುಟ್ಟಿದೆ ಅಂದರು. ಹಾಗಾದರೆ ಬೋರ್ಡ್ ಬದಲಿಸಿ ಅಂದೆ. "ಬೋರ್ಡ್ ಅಷ್ಟ ಬರೂದಿಲ್ರಿ ಸರ್, ಪೂರಾ ಅಸೆಂಬ್ಲಿನ ಹಾಕಬೇಕು." ಅಸೆಂಬ್ಲಿ ಅಂದರೆ ಇಡೀ ದೀಪವೇ. ಗಾಜೂ ಬಿಡಿಯಾಗಿ ಸಿಗುವುದಿಲ್ಲ, ಎಲ್‌ಇಡಿಯೂ ಸಿಗುವುದಿಲ್ಲ. ವಿಮೆಯೂ ಕೈಕೊಟ್ಟಿತು. ಎಲೆಕ್ಟ್ರಿಕಲ್ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಇಲ್ಲ. ಅಪಘಾತದಲ್ಲೇ ಒಡೆದಿದ್ದರೂ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50 ಸವಕಳಿ ಕಳೆದೇ ಕೊಡುತ್ತಾರೆ, ಸವಕಳಿ ಕಳೆಯದ ಝೀರೋ ಡೆಪ್ ವಿಮೆ ಮಾಡಿಸಿದ್ದರೆ ಮಾತ್ರ ಬಚಾವು.

ಬಿಲ್ಲಿಗಿಂತ ಹೊಟ್ಟೆ ಉರಿಸಿದ್ದು ಸರ್ವಿಸ್ ಸೆಂಟರಿನವರ ಆಮೇಲಿನ ಮಾತು. "ಎಂಟು ವರ್ಷ ಆತಲ್ರಿ, ಇದಕ್ಕ ಯಾಕ ರೊಕ್ಕ ಹಾಕ್ತೀರಿ? ಎಕ್ಸ್‌ಚೇಂಜಿಗೆ ಕೊಟ್ಟು ಹೊಸಾದು ತಗೊಳ್ರಿ." ಖಾಸಗಿ ಕಾರಿನ ನೋಂದಣಿಯೇ 15 ವರ್ಷದ್ದು. ಫಿಟ್‌ನೆಸ್ ಇದ್ದರೆ ಅದರ ಮೇಲೆ ಮತ್ತೆ 5 ವರ್ಷ. ಅರ್ಧ ಆಯುಷ್ಯ ಬಾಕಿ ಇರುವ ಗಾಡಿಯನ್ನು ಒಂದು ದೀಪಕ್ಕಾಗಿ ಬಿಸಾಡಬೇಕೇ?

ಸುಮ್ಮನೆ ದುಡ್ಡು ಕಟ್ಟಲು ಮನಸ್ಸಾಗದೆ ಉದ್ಯಮಬಾಗದ ಕಡೆ ಪರಿಚಯದ ಮೇಸ್ತ್ರಿಯ ಹತ್ತಿರ ಒಯ್ದೆ. ಫೌಂಡ್ರಿ, ಲೇತ್ ಮಷೀನುಗಳ ಊರು ನಮ್ಮದು. ಸವೆದ ಬುಶ್ ಕೊಟ್ಟರೆ ಹೊಸದನ್ನೇ ಕಡೆದು ಕೊಡುವ ಕೈಗಳಿವೆ. ಮೇಸ್ತ್ರಿ ದೀಪದ ಅಂಚಿಗೆ ಬ್ಲೋವರ್ ಹಿಡಿದು, ಗೋಂದು ಮೆತ್ತಗಾದ ಮೇಲೆ ಪಟ್ಟಿಯಿಂದ ಮೀಟಿ ಗಾಜು ಬಿಡಿಸಿದರು. ಒಳಗಿನ ಬೋರ್ಡಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಕಪ್ಪು ರಾಳ ಸುರಿದಿತ್ತು. ಕೆರೆಯಲು ಹೋದರೆ ರಾಳದ ಜೊತೆ ಬೋರ್ಡಿನ ತಾಮ್ರದ ಗೆರೆಯೂ ಎದ್ದು ಬಂತು. "ಎಲ್ಲ್ಯಾರ ಒಂದ್ ಸ್ಕ್ರೂ ಐತೇನು ನೋಡ್ರಿ" ಎಂದು ತಿರುಗಿಸಿ ತೋರಿಸಿದರು. ಒಂದೂ ಇರಲಿಲ್ಲ.

ಎಲ್‌ಇಡಿ ಬೆಳಕು ಚೆನ್ನಾಗಿಯೇ ಇರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಬಿಚ್ಚಲು ಬಾರದಂತೆ ಅಂಟಿಸಿ ಮಾರುವುದಕ್ಕೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಲ್ಲಿ ಬಲ್ಬ್ ಹೋದರೆ ಹಿಂದಿನ ರಬ್ಬರ್ ಟೋಪಿ ತೆಗೆದು, ತಂತಿಯ ಕ್ಲಿಪ್ ಸರಿಸಿ, ಹೊಸದು ಕೂರಿಸಿದರೆ ಮುಗಿಯಿತು. ಆ ಬಲ್ಬು ಇವತ್ತಿಗೂ ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತದೆ.

ಇದು ನನ್ನೊಬ್ಬನ ಗೋಳಲ್ಲ. ಬಿಡಿಭಾಗ, ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಅದನ್ನು ಪ್ರಶ್ನಿಸಿ ಮೇಲಕ್ಕೆ ಹೋದವು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಆರಂಭಿಸಿದ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲಿನಲ್ಲಿ ವಾಹನಗಳೂ ಸೇರಿವೆ, ಒಮ್ಮೆ ನೋಡಿ. ಬಿಲ್ಲಿನಲ್ಲಿ ಮೋಸವಾಗಿದೆ ಅನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಶೋರೂಮಿನಲ್ಲಿ ಸನ್‌ರೂಫ್, ದೊಡ್ಡ ಸ್ಕ್ರೀನ್ ತೋರಿಸುತ್ತಾರೆ. ನೀವು ಅಲ್ಲಿಂದೆದ್ದು ಬಿಡಿಭಾಗದ ಕೌಂಟರಿಗೆ ಹೋಗಿ. ಹೆಡ್‌ಲೈಟ್, ಟೇಲ್‌ಲೈಟ್, ಪಕ್ಕದ ಕನ್ನಡಿ, ಮೀಟರ್ ಬೋರ್ಡ್ ಇವುಗಳ ಬೆಲೆ ಕೇಳಿ, ಅವುಗಳ ಬಲ್ಬ್ ಅಥವಾ ಗಾಜು ಬಿಡಿಯಾಗಿ ಸಿಗುತ್ತದೆಯೇ ಎಂದು ಬರೆಸಿಕೊಳ್ಳಿ. ನಿಮ್ಮ ಮೆಕ್ಯಾನಿಕ್‌ಗೆ ಆ ಮಾಡೆಲ್ ಒಮ್ಮೆ ತೋರಿಸಿ. ಈಗಾಗಲೇ ಇಂಥ ಗಾಡಿ ಇದ್ದವರು ಮಳೆಗಾಲಕ್ಕೆ ಮುಂಚೆ ದೀಪದೊಳಗೆ ಹನಿ ಕಟ್ಟಿದೆಯೇ ನೋಡಿಕೊಳ್ಳಿ. ವಾರಂಟಿ ಇರುವಾಗಲೇ ಕಂಡರೆ ಫೋಟೋ ತೆಗೆದು ಲಿಖಿತ ದೂರು ಕೊಟ್ಟುಬಿಡಿ. ವಾರಂಟಿ ಮುಗಿದ ಮಾರನೇ ದಿನದಿಂದ ಆ ಹನಿ ನಿಮ್ಮದೇ ಖರ್ಚು.