ಒಂದೇ ಬದುವಿನಲ್ಲಿ ತಂಗಡಿ ಮತ್ತು ಗೊಬ್ಬರದ ಗಿಡ

ಬಯಲುಸೀಮೆಯ ನಮ್ಮ ಮಳೆಯಾಶ್ರಿತ ಕೆಂಪು ಮಣ್ಣಿನ ಹೊಲಕ್ಕೆ ಜೀವಂತ ಬೇಲಿ ಬೇಕಾಗಿದ್ದರಿಂದ, ಬದುವಿನ ಅರ್ಧ ಭಾಗಕ್ಕೆ ತಂಗಡಿಯನ್ನೂ ಉಳಿದರ್ಧಕ್ಕೆ ಗೊಬ್ಬರದ ಗಿಡವೆಂದೇ ಹೆಸರಾದ ಗ್ಲಿರಿಸಿಡಿಯಾವನ್ನೂ ಹಾಕಿ 4 ವರ್ಷ ನೋಡಿದ್ದೇನೆ. ಎರಡೂ ದ್ವಿದಳ ಕುಟುಂಬದವೇ. ಆವರಿಕೆಯೆಂದೂ ಕರೆಯುವ ತಂಗಡಿ ಈ ನೆಲದ್ದು. ಇನ್ನೊಂದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ.

ನೆಡುವ ಕೆಲಸ ಗೊಬ್ಬರದ ಗಿಡದಲ್ಲೇ ಸುಲಭ. ಮುಂಗಾರಿನ ಹದಕ್ಕೆ ಬಲಿತ ಕಡ್ಡಿ ಊರಿದರೆ ಚಿಗುರುತ್ತದೆ. ತಂಗಡಿ ಬೀಜದ ಸಿಪ್ಪೆ ಗಡುಸಾದ್ದರಿಂದ, ಹಾಗೆಯೇ ಬಿತ್ತಿದ ಮೊದಲ ವರ್ಷ ಅಲ್ಲೊಂದು ಇಲ್ಲೊಂದು ಮೊಳೆತವು. ಮರುವರ್ಷ ಕುದಿಸಿ ಇಳಿಸಿದ ನೀರನ್ನು ಬೀಜದ ಮೇಲೆ ಸುರಿದು, ರಾತ್ರಿಯಿಡೀ ಅದರಲ್ಲೇ ನೆನೆಸಿ ಬಿತ್ತಿದ ಮೇಲೆ ಸಾಲು ತುಂಬಿತು.

ಆದರೆ ಬೇಸಿಗೆಯಲ್ಲಿ ಲೆಕ್ಕ ತಿರುಗಿತು. ದಾರಿಯಲ್ಲಿ ಹೋಗುವ ಮೇಕೆಗಳು ಗೊಬ್ಬರದ ಗಿಡದ ಎಳೆ ಚಿಗುರನ್ನು ಬಾಯಿಗೆಟುಕಿದಷ್ಟೂ ಸವರಿಹಾಕಿದವು. ತಂಗಡಿಗೆ ಮೂಗು ತಾಗಿಸಿ ಮುಂದೆ ಹೋದವು. ನೀರು ಹನಿಸದೆಯೂ ಅದು ಹಸಿರಾಗಿಯೇ ಉಳಿಯಿತು.

ಹೂವಿನ ವಿಷಯದಲ್ಲಂತೂ ನನಗೆ ಸಂದೇಹವೇ ಇಲ್ಲ. ಸೊಪ್ಪಿಗಾಗಿ ಪದೇ ಪದೇ ಕಡಿದ ಗೊಬ್ಬರದ ಗಿಡ ಹೂಬಿಡಲೇ ಇಲ್ಲ, ಕಡಿಯದೆ ಬಿಟ್ಟ ಒಂದೆರಡು ಮಾತ್ರ ಚಳಿಗಾಲದ ಕೊನೆಗೆ ಎಲೆಯುದುರಿದ ಕೊಂಬೆಯ ಮೇಲೆ ನಸುಗೆಂಪು ಹೂ ತಳೆದವು. ತಂಗಡಿಯಲ್ಲಿ ವರ್ಷದ ಬಹುಪಾಲು ಹಳದಿ ಗೊಂಚಲು ಇದ್ದೇ ಇರುತ್ತದೆ. ಅದರಲ್ಲಿ ಮಕರಂದವಿಲ್ಲ, ಪರಾಗವಷ್ಟೇ. ಬೆಳಗ್ಗೆ ಹತ್ತಿರ ನಿಂತು ನೋಡಿದರೆ, ದಪ್ಪ ಕಪ್ಪು ದುಂಬಿ ಕೇಸರಗಳನ್ನು ತಬ್ಬಿ ಮೈಯನ್ನೆಲ್ಲ ಅದುರಿಸುವುದು, ಅದರ ಝೇಂಕಾರ ಥಟ್ಟನೆ ಏರುವುದು, ಕೇಸರದ ತುದಿಯ ಸಣ್ಣ ರಂಧ್ರಗಳಿಂದ ಉದುರಿದ ಪರಾಗ ಅದರ ಹೊಟ್ಟೆಗೆ ಮೆತ್ತುವುದು ಸ್ಪಷ್ಟವಾಗಿ ಕಾಣುತ್ತದೆ. ಎಲೆಯ ಬುಡದಲ್ಲಿ ಕಿವಿಯಾಕಾರದ ಪುಟ್ಟ ಎಲೆಗಳಿರುತ್ತವೆ. ಗಿಡದ ಶಾಸ್ತ್ರೀಯ ಹೆಸರಿನ ‘ಆರಿಕ್ಯುಲೇಟಾ’ ಎಂಬ ಪದ ಹುಟ್ಟಿದ್ದೇ ಅವುಗಳಿಂದ. ಬಿಳಿ ಚಿಟ್ಟೆಗಳ ಹಸಿರು ಹುಳುಗಳು ಅದರ ಎಲೆ ತಿನ್ನುತ್ತವೆ, ನಾನು ಔಷಧಿ ಹೊಡೆಯುವುದಿಲ್ಲ.

ಗೊಬ್ಬರಕ್ಕೆ ಮಾತ್ರ ಗೊಬ್ಬರದ ಗಿಡವೇ ಸರಿ: ಅದರ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ, ಸೊಪ್ಪು ಬೇಗ ಕೊಳೆಯುತ್ತದೆ. ತಂಗಡಿಯ ಬೇರಿನಲ್ಲಿ ಆ ಗಂಟುಗಳಿಲ್ಲ. ಆದ್ದರಿಂದ ಈ ಮುಂಗಾರಿಗೆ ಗೊಬ್ಬರದ ಗಿಡವನ್ನು ಹೊಲದೊಳಗಿನ ಬದುಗಳಿಗೆ ಸರಿಸಿ, ದಾರಿಯಂಚಿನ ಹೊರಬದುವನ್ನು ಪೂರ್ತಿಯಾಗಿ ತಂಗಡಿಗೆ ಬಿಡುತ್ತಿದ್ದೇನೆ. ಅದಕ್ಕಾಗಿ ಒಣಗಿದ ಚಪ್ಪಟೆ ಕಾಯಿಗಳನ್ನು ಈಗಲೇ ಬಿಡಿಸಿಟ್ಟಿದ್ದೇನೆ.